ಹೀಥ್ರೂ ತನಕ ಅರಳದ ಜಡೆ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು. ರೇಖಾಂಶ, ಅಕ್ಷಾಂಶ, ಒಂದು ಡಿಗ್ರಿಗೆ ನಾಲ್ಕು ನಿಮಿಷ ಎಂಬುದನ್ನೆಲ್ಲ ಮಕ್ಕಳಿಗೆ ಬಾಯಿಪಾಠ ಮಾಡಿಸಿ, ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಂಥ ನಾನು ಆರ್.ಟಿ. ನಗರದ ಒಂದು ಹೂವಿನ ಅಂಗಡಿಯ ಮುಂದೆ ನಿಂತುಕೊಂಡು, ಬೆಂಗಳೂರಿನಿಂದ ಲಂಡನ್ನಿಗೆ ವಿಮಾನದಲ್ಲಿ ಆರು ಗಂಟೆ ಎಂದು ಹೇಳಿಬಿಟ್ಟೆ. ಟಿಕೆಟ್ಟಿನಲ್ಲಿ ಹೊರಡುವುದು ಮಧ್ಯಾಹ್ನ ಒಂದೂವರೆ, ತಲುಪುವುದು ಸಂಜೆ ಏಳೂಕಾಲು ಎಂದಿತ್ತು. ಒಂದರಿಂದ ಇನ್ನೊಂದನ್ನು ಕಳೆದಿದ್ದೆ, ಅಷ್ಟೆ.

ಹೂವು ಕಟ್ಟುತ್ತಿದ್ದ ಹೆಂಗಸು ತಲೆ ಎತ್ತಲಿಲ್ಲ.

"ದುಬೈಗೇ ನಾಲ್ಕು ಗಂಟೆ ಆಗುತ್ತೆ ಟೀಚರ್," ಅಂದರು. "ಲಂಡನ್ನು ದುಬೈಯಿಂದ ಇನ್ನೂ ಎಷ್ಟೋ ಆಚೆ ಅಲ್ವಾ? ಎರಡೇ ಗಂಟೇಲಿ ಹೆಂಗೆ ಹೋಗುತ್ತೆ?"

ಅವರು ವಿಮಾನ ಹತ್ತಿದವರಲ್ಲ. ಕೆಲವು ವರ್ಷ ಒಬ್ಬ ಏಜೆಂಟರಿಗೆ ಮಲ್ಲಿಗೆ ದಂಡೆ ಕಟ್ಟಿಕೊಡುತ್ತಿದ್ದರಂತೆ. ಆ ಪೆಟ್ಟಿಗೆಗಳು ದುಬೈಗೆ ಹೋಗುತ್ತಿದ್ದವು. ಪೆಟ್ಟಿಗೆ ಅಲ್ಲಿ ಎಷ್ಟು ಹೊತ್ತಿಗೆ ಬಿಚ್ಚುತ್ತಾರೆ ಎಂದು ಕೇಳಿ ತಿಳಿದುಕೊಂಡು, ಅದಕ್ಕೆ ತಕ್ಕ ಮೊಗ್ಗು ಆರಿಸುತ್ತಿದ್ದರು. ಅವರ ಮಟ್ಟಿಗೆ ಭೂಮಿಯ ಮೇಲಿನ ದೂರವೆಂದರೆ ಮೊಗ್ಗು ಕಿತ್ತ ಗಳಿಗೆಯಿಂದ ಪೆಟ್ಟಿಗೆ ಬಿಚ್ಚುವ ಗಳಿಗೆಯವರೆಗಿನ ಹೊತ್ತು. ನನಗೆ ಮೊದಲು ಸಿಟ್ಟು ಬಂತು, ನಾಚಿಕೆ ಆಮೇಲೆ. ಟಿಕೆಟ್ಟಿನ ಬೆನ್ನ ಮೇಲೆ ಪೆನ್ನು ಹಿಡಿದು ಲೆಕ್ಕ ಮಾಡಿದೆ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಂದರೆ ಪ್ರಯಾಣ ಹತ್ತೂಕಾಲು ಗಂಟೆ, ದೂರ ಹತ್ತಿರ ಹತ್ತಿರ ಎಂಟು ಸಾವಿರ ಕಿಲೋಮೀಟರು. ನನ್ನ ತರಗತಿಯಾಗಿದ್ದರೆ ಆವತ್ತು ನಾನೇ ಬೆಂಚಿನ ಮೇಲೆ ನಿಲ್ಲಬೇಕಿತ್ತು.

ಅವರನ್ನು ಬೀದಿಯವರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮನೆಯಲ್ಲಿ ದಖ್ಖನಿ ಉರ್ದು, ಅಂಗಡಿಯಲ್ಲಿ ಕನ್ನಡ, ಗಿರಾಕಿ ಚೌಕಾಸಿ ಮಾಡಿದರೆ ಮೌನ. ಮುಸ್ಲಿಮರ ಮದುವೆಯಲ್ಲಿ ವರನ ಮುಖದ ಮುಂದೆ ಇಳಿಬಿಡುವ ಹೂವಿನ ಪರದೆಯಿದೆಯಲ್ಲ, ಸೆಹ್ರಾ, ಅದನ್ನು ಕಟ್ಟುವುದರಲ್ಲಿ ಅವರದು ಎತ್ತಿದ ಕೈ. ಆದರೆ ನಮ್ಮ ಕಡೆಯ ಮದುವಣಗಿತ್ತಿಯರ ಮೊಗ್ಗಿನ ಜಡೆಗೂ ಜನ ವಿದ್ಯಾರಣ್ಯಪುರದಿಂದ, ಯಲಹಂಕದಿಂದ ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಬಾಳೆಪಟ್ಟೆಯ ಮೇಲೆ ಒಂದೊಂದೇ ಮೊಗ್ಗು ಹೊಲಿದು, ನಡುವೆ ಕನಕಾಂಬರದ ಗೆರೆ ಎಳೆದು, ತುದಿಗೆ ಕುಚ್ಚು ಬಿಡುವ ಕೆಲಸ ಅದು. ಆಪಾ ಕಟ್ಟಿದ ಜಡೆಯಲ್ಲಿ ಒಂದು ಮೊಗ್ಗೂ ಓರೆಯಾಗಿರುವುದನ್ನು ನಾನು ನೋಡಿಲ್ಲ. ತಪ್ಪು ಹುಡುಕುವುದು ನನ್ನ ವೃತ್ತಿಯಾಗಿತ್ತು, ಹುಡುಕಿಯೇ ನೋಡಿದ್ದೇನೆ.

ನನಗೆ ಬೇಕಾಗಿದ್ದದ್ದು ನನ್ನ ತಂಗಿಗೆ ಒಂದು ಮೊಗ್ಗಿನ ಜಡೆ. ತಂಗಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸು. ವಯಸ್ಸು ನಲವತ್ತಾರು. ಮದುವೆ ಬೇಡ ಎಂದು ಕೂತವಳು, ಈಗ ಜೊತೆಯಲ್ಲೇ ಕೆಲಸ ಮಾಡುವ ಒಬ್ಬರನ್ನು ಮದುವೆಯಾಗಲು ಒಪ್ಪಿದ್ದಳು. ಸೀರೆ ಬೇಡ, ಒಡವೆ ಬೇಡ, ಇಪ್ಪತ್ತೇ ಜನ ಸಾಕು ಎಂದವಳು ಫೋನು ಇಡುವ ಮುಂಚೆ, "ಅಕ್ಕ, ಮೊಗ್ಗಿನ ಜಡೆ ಒಂದು ಹಾಕ್ಕೋಬೇಕು ಅಂತ ಆಸೆ ಕಣೆ, ನಗ್ಬೇಡ," ಎಂದಳು. ನಾನು ನಗಲಿಲ್ಲ. ಯಾಕೆ ನಗಲಿಲ್ಲ ಎಂಬುದನ್ನು ಆಪಾಗೆ ಮಾತ್ರ ಹೇಳಿರಲಿಲ್ಲ.

ಲಂಡನ್ನಿನಲ್ಲೂ ಹೂವು ಸಿಗುತ್ತದೆ, ನನಗೆ ಗೊತ್ತು. ಸಿಗುವುದು ದಾರದಲ್ಲಿ ಪೋಣಿಸಿದ್ದು, ಜಡೆಯಲ್ಲ. ಮೊಗ್ಗಿನ ಜಡೆಯ ಅಂದವೆಲ್ಲ ಅದು ಮೊಗ್ಗಾಗಿರುವುದರಲ್ಲಿ ಇದೆ. ಹಸೆಮಣೆಯ ಮೇಲೆ ಕೂರುವಾಗ ಬಿಗಿಯಾಗಿ ಮುತ್ತು ಜೋಡಿಸಿದಂತೆ ಇರಬೇಕು, ಧಾರೆ ಮುಗಿದ ಮೇಲೆ ಮೆಲ್ಲಗೆ ಬಿರಿದು ಘಮ್ಮೆನ್ನಬೇಕು. ದಾರಿಯಲ್ಲೇ ಅರಳಿದರೆ ಬಾಡಿದ ಜಡೆ, ಅರಳದೇ ಹೋದರೆ ಕಂದಿದ ಜಡೆ.

ಆಪಾ ಬೆರಳು ಮಡಚಿ ಕೇಳತೊಡಗಿದರು. "ವಿಮಾನದ ಹೊತ್ತು ಒಂದೇ ಸಾಕಾಗಲ್ಲ. ಇಲ್ಲಿಂದ ದೇವನಹಳ್ಳಿ ಏರ್‌ಪೋರ್ಟ್‌ಗೆ ಎಷ್ಟು? ಅಲ್ಲಿ ಕೂತ್ಕೊಳ್ಳೋದು ಎಷ್ಟು? ಇಳಿದ ಮೇಲೆ ಮನೆಗೆ ಎಷ್ಟು? ಮುಹೂರ್ತ ಎಷ್ಟು ಹೊತ್ತಿಗೆ?" ಮುಹೂರ್ತ ಅಲ್ಲಿನ ಬೆಳಿಗ್ಗೆ ಹನ್ನೊಂದು, ಅಂದರೆ ನಮ್ಮ ಮಧ್ಯಾಹ್ನ ಮೂರೂವರೆ. ಹಿಂದಿನ ದಿನ ಬೆಳಿಗ್ಗೆ ಆರಕ್ಕೆ ಕಿತ್ತ ಮೊಗ್ಗು ಮೂವತ್ತಮೂರೂವರೆ ಗಂಟೆ ಬಾಯಿ ಮುಚ್ಚಿಕೊಂಡು ಇರಬೇಕು. ಸಾಮಾನ್ಯವಾಗಿ ಬೆಳಿಗ್ಗೆ ಕಿತ್ತ ಮಲ್ಲಿಗೆ ಅದೇ ದಿನ ದೀಪ ಹಚ್ಚುವ ಹೊತ್ತಿಗೆ ಅರಳಿಬಿಡುತ್ತದೆ.

ನಾನು ಬುದ್ಧಿವಂತಿಕೆ ತೋರಿಸಲು ಹೋದೆ. ಪಶ್ಚಿಮಕ್ಕೆ ಹೋಗುವ ವಿಮಾನ ಸೂರ್ಯನ ಜೊತೆಜೊತೆಗೇ ಓಡುತ್ತದೆ, ದಾರಿಯುದ್ದಕ್ಕೂ ಹಗಲೇ ಇರುತ್ತದೆ, ಸಂಜೆಯೇ ಆಗದಿದ್ದರೆ ಮೊಗ್ಗು ಅರಳುವುದು ಹೇಗೆ ಎಂದು ವಾದಿಸಿದೆ.

"ಮೊಗ್ಗಿಗೆ ಕಿಟಕಿ ಎಲ್ಲಿ ಕಾಣುತ್ತೆ ಟೀಚರ್?" ಎಂದರು ಆಪಾ. "ಗಿಡದಿಂದ ಕಿತ್ತ ಗಳಿಗೆಯಿಂದ ಅದರ ಎಣಿಕೆ. ಸೂರ್ಯ ಎಲ್ಲಾದ್ರೂ ಇರ್ಲಿ."

ಮೂರು ಸಲ ಪರೀಕ್ಷೆ ನಡೆಯಿತು. ಪರೀಕ್ಷೆ ಎಂಬುದು ನನ್ನ ಮಾತು. ಆಪಾ "ಕಟ್ಟಿ ನೋಡೋಣ" ಎಂದರು. ಮೊದಲ ಸಲ ಗೇಣುದ್ದದ ಜಡೆ ಕಟ್ಟಿ, ಒದ್ದೆ ಬಟ್ಟೆ, ಬಾಳೆ ಎಲೆ ಸುತ್ತಿ, ಥರ್ಮೋಕೋಲ್ ಡಬ್ಬದಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಐಸು ಇಡುವುದಕ್ಕೆ ಅವರು ಸುತರಾಂ ಒಪ್ಪಲಿಲ್ಲ, ಐಸು ತಾಗಿದ ಮೊಗ್ಗು ಕಪ್ಪಾಗುತ್ತದಂತೆ. ಸಂಜೆ ಏಳಕ್ಕೆ ನಮ್ಮ ಊಟದ ಮೇಜಿನ ಮೇಲೆ ಡಬ್ಬ ತೆಗೆದರೆ ಮನೆಯೆಲ್ಲ ಘಮಘಮ, ಜಡೆ ಹೋಗಿ ಹೂವಿನ ಗುಪ್ಪೆಯಾಗಿತ್ತು. ಎರಡನೇ ಸಲ ತೀರ ಎಳೆಯ ಮೊಗ್ಗು ತರಿಸಿದರು. ಹುಣಸಮಾರನಹಳ್ಳಿಯ ಆಚೆ ಮಲ್ಲಿಗೆ ಬೆಳೆಯುವ ಒಬ್ಬಾಕೆ ಬೆಳಗಿನ ಬಸ್ಸಿನಲ್ಲಿ ಅವರಿಗೆ ಮೊಗ್ಗು ತಂದುಕೊಡುತ್ತಿದ್ದಳು. ಆಕೆಗೆ ಈ ಬೇಡಿಕೆ ಕೇಳಿಯೇ ಬೇಜಾರು.

"ಇಂಗೆ ಕೂಸು ಮೊಗ್ಗು ಕೀಳ್ತಾರಾ ಯಾರಾದ್ರೂವೆ? ನಾಕ್ ದಿನ ಆದ್ರೂ ಅಳ್ಳಾಕಿಲ್ಲ ಇವು," ಎಂದು ನನ್ನ ಮುಖ ನೋಡಿಯೇ ಹೇಳಿದಳು. ಆಕೆಯ ಮಾತು ನಿಜವಾಯಿತು. ಎರಡು ದಿನ ಕಾದರೂ ಅವು ಕಣ್ಣು ಬಿಡಲಿಲ್ಲ, ಕಂದು ಬಣ್ಣಕ್ಕೆ ತಿರುಗಿ ಮುರುಟಿಕೊಂಡವು.

ಮೂರನೇ ಸಲಕ್ಕೆ ಆಪಾ ಮಾರನೇ ದಿನ ಸಂಜೆ ಅರಳಬೇಕಾದ ಮೊಗ್ಗುಗಳನ್ನು ಮಾತ್ರ ಆರಿಸಿದರು. ತೊಟ್ಟಿನ ಹತ್ತಿರದ ಹಸಿರು ಎಷ್ಟು ಉಳಿದಿದೆ ಎಂದು ನೋಡುವುದು, ಹೆಬ್ಬೆರಳಿನಲ್ಲಿ ಹೊಟ್ಟೆ ಒತ್ತುವುದು, ಆ ಕಡೆ ಒಂದು, ಈ ಕಡೆ ಒಂದು. ಒಂದು ಮೊಗ್ಗಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ಅದಾದ ಮೇಲೆ ನನಗೊಂದು ಕೆಲಸ ಹೇಳಿದರು. ವಿಮಾನದೊಳಗೆ ತಣ್ಣಗಿರುತ್ತದೆ ಎಂದು ದುಬೈಯಿಂದ ಬಂದವರು ಹೇಳಿದ್ದರಂತೆ, ಹಾಗಾಗಿ ಡಬ್ಬ ಇಟ್ಟುಕೊಂಡು ಎಸಿ ಬಸ್ಸಿನಲ್ಲಿ ಕೂತು ಬರಬೇಕು. ನಾನು ಹೆಬ್ಬಾಳದಲ್ಲಿ ಏರ್‌ಪೋರ್ಟ್ ಬಸ್ಸು ಹತ್ತಿದೆ. ಹೋದೆ, ಬಂದೆ, ಮತ್ತೆ ಹೋದೆ, ಮತ್ತೆ ಬಂದೆ. ಮೂರನೇ ಸಲಕ್ಕೆ ಕಂಡಕ್ಟರು, "ಯಾರನ್ನಾದ್ರೂ ಹುಡುಕ್ತಿದ್ದೀರಾ ಅಮ್ಮಾ?" ಎಂದು ಮೆಲ್ಲಗೆ ಕೇಳಿದ. ಹೂವನ್ನು ತಿರುಗಾಡಿಸುತ್ತಿದ್ದೇನೆ ಎಂದೆ. ಅವನು ಆಮೇಲೆ ನನ್ನ ಸೀಟಿನ ಕಡೆಗೆ ಹೆಚ್ಚು ಬರಲಿಲ್ಲ.

ಆ ಜಡೆ ಮಾರನೇ ದಿನ ಸಂಜೆ ಐದರ ತನಕ ಮುತ್ತಿನಂತೇ ಇತ್ತು. ಐದರ ಮೇಲೆ ಮೆಲ್ಲಗೆ ಬಿರಿಯಿತು. ಖುಷಿಗೆ ನಾನು ಡಬ್ಬ ಹಿಡಿದುಕೊಂಡೇ ಅಂಗಡಿಗೆ ಓಡಿದೆ.

ಆಪಾ ಅದನ್ನು ಕೈಯಲ್ಲಿ ತೂಗಿ ನೋಡಿದರು. "ಹೊತ್ತಿನ ಮಾತು ಮುಗೀತು. ಈಗ ಹೇಳಿ, ತಂಗಿ ಕೂದಲು ಎಷ್ಟು ದಪ್ಪ? ಸೊಂಟದ ತನಕ ಜಡೆ ಅಂದ್ರೆ ಭಾರ ಬರುತ್ತೆ. ಪಿನ್ನು ಎಲ್ಲಿ ಹಾಕ್ತೀರಾ?"

ಇದನ್ನು ಅವರು ಮೊದಲೂ ಎರಡು ಸಲ ಕೇಳಿದ್ದರು, ನಾನು ಹಾರಿಕೆಯ ಉತ್ತರ ಕೊಟ್ಟಿದ್ದೆ. ಈ ಸಲ ಹೇಳಿದೆ. ತಂಗಿಗೆ ಕ್ಯಾನ್ಸರ್ ಆಗಿತ್ತು. ಚಿಕಿತ್ಸೆ ಮುಗಿದಿದೆ, ಈಗ ಹುಷಾರಾಗಿದ್ದಾಳೆ, ಆದರೆ ಕೂದಲೆಲ್ಲ ಉದುರಿ ಈಗಷ್ಟೇ ಬೆರಳಿನ ಒಂದು ಗೆಣ್ಣಿನಷ್ಟು ಬೆಳೆದಿದೆ. ಪಿನ್ನು ನಿಲ್ಲುವ ಜಾಗವೇ ಇಲ್ಲ. ವಿಗ್ಗು ಹಾಕಿಕೊಳ್ಳುವುದಿಲ್ಲ ಎಂದು ಅವಳ ಹಟ. ಜಡೆಯನ್ನು ಹೇಗೆ ನಿಲ್ಲಿಸುವುದೆಂದು ನನಗೇ ಗೊತ್ತಿಲ್ಲ, ಹೋದ ಮೇಲೆ ಏನೋ ಒಂದು ಮಾಡಿದರಾಯಿತು ಅಂದುಕೊಂಡಿದ್ದೇನೆ. ಭೂಗೋಳದ ಲೆಕ್ಕ ತಪ್ಪಿದ್ದಕ್ಕಿಂತ ದೊಡ್ಡ ತಪ್ಪು ಇದು. ಮೂರು ವಾರದಿಂದ ಮೊಗ್ಗಿನ ವಯಸ್ಸು ಎಣಿಸುತ್ತಿದ್ದ ಹೆಂಗಸಿನಿಂದ ತಲೆಯ ವಿಷಯವನ್ನೇ ಮುಚ್ಚಿಟ್ಟಿದ್ದೆ.

ಆಪಾ "ಅಯ್ಯೋ ಪಾಪ" ಅನ್ನಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ. ಒಳಗೆ ಹೋಗಿ ಅರ್ಧ ಕಟ್ಟಿದ್ದ ಒಂದು ಸೆಹ್ರಾ ತಂದು ಮೇಜಿನ ಮೇಲೆ ಮಗುಚಿ ಹಾಕಿದರು. ಅದರ ಹಿಂಭಾಗವನ್ನು ನಾನು ಆವತ್ತೇ ಮೊದಲು ನೋಡಿದ್ದು. ಅಷ್ಟೊಂದು ಹೂವಿನ ಭಾರ ಹೊರುವುದು ಹಣೆಯನ್ನು ಸುತ್ತಿ ಬರುವ ಒಂದು ಬಟ್ಟೆಯ ಪಟ್ಟಿ.

"ಮದುಮಗ ಬೋಳು ಆದ್ರೂ ಸೆಹ್ರಾ ನಿಲ್ಲಬೇಕಲ್ವಾ?" ಎಂದರು. "ಕೂದಲಿನ ಮೇಲೆ ನಂಬಿಕೆ ಇಟ್ಟು ಯಾರೂ ಸೆಹ್ರಾ ಕಟ್ಟಲ್ಲ. ಇದೇ ಪಟ್ಟಿ ಹಿಂದೆ ಮುಂದೆ ಮಾಡ್ತೀನಿ. ಪರದೆ ಮುಂದೆ ಬೀಳೋ ಬದಲು ಜಡೆ ಹಿಂದೆ ಬೀಳುತ್ತೆ."

ಆಪಾ ಬೆರಳಿನಿಂದ ತೋರಿಸುತ್ತಾ ಹೋದರು. ಕಿವಿಯ ಮೇಲಿನಿಂದ ಸುತ್ತಿ ಬರುವ ಒಂದು ಪಟ್ಟಿ, ಬೈತಲೆಯ ಗುಂಟ ಹಿಂದಕ್ಕೆ ಹೋಗುವ ಇನ್ನೊಂದು, ಎರಡೂ ಸೇರುವಲ್ಲಿ ಜಡೆಯ ಬುಡ. ಒಳಗೆಲ್ಲ ಹಳೆಯ ಹತ್ತಿ ಬಟ್ಟೆಯ ಮೆತ್ತೆ, ನೆತ್ತಿಯ ಚರ್ಮ ಈಗ ಮೆದುವಾಗಿರುತ್ತದೆ ಎಂದು. ಮೇಲೆಲ್ಲ ಮೊಗ್ಗು ಮುಚ್ಚುತ್ತದೆ, ಬಟ್ಟೆ ಕಾಣುವುದಿಲ್ಲ. ಅಳತೆಗೆ ತಂಗಿಯ ತಲೆ ಎಲ್ಲಿಂದ ತರುವುದು ಎಂದು ನಾನು ಯೋಚಿಸುತ್ತಿರುವಾಗಲೇ ಆಪಾ ಎದ್ದು ಬಂದು ನನ್ನ ತಲೆಗೆ ದಾರ ಸುತ್ತಿದರು.

"ಒಂದೇ ತಾಯಿ ಮಕ್ಕಳು. ತಲೆಬುರುಡೆ ಒಂದೇ ಇರುತ್ತೆ," ಎಂದು ದಾರಕ್ಕೆ ಗಂಟು ಹಾಕಿದರು. ಅದರಿಂದ ಒಂದು ಬೆರಳಿನಷ್ಟು ಹಿಂದಕ್ಕೆ ಇನ್ನೊಂದು ಗಂಟು ಹಾಕಿದರು. "ನಿಮ್ಮ ಕೂದಲಿನ ದಪ್ಪ ಇಷ್ಟು ಕಳೆದೆ."

ನನ್ನ ಜೀವಮಾನದಲ್ಲಿ ಇಷ್ಟು ಸರಿಯಾದ ಲೆಕ್ಕ ನೋಡಿಲ್ಲ.

ಹೊರಡುವ ದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಮೊಗ್ಗು ಬಂತು, ಒಂಬತ್ತೂವರೆಗೆ ಜಡೆ ಡಬ್ಬದೊಳಗಿತ್ತು. ಹೂವಿಗೂ ಹೊರದೇಶಕ್ಕೆ ಹೋಗಲು ಕಾಗದಪತ್ರ ಬೇಕು. ಅದಕ್ಕೆ ಮಾಡಿದ ಓಡಾಟವನ್ನು ಬರೆಯಲು ಕೂತರೆ ಮತ್ತೆ ಸಿಟ್ಟು ಬರುತ್ತದೆ. ಆಪಾ ಒಂದೇ ಕಟ್ಟಪ್ಪಣೆ ಮಾಡಿದರು, ಡಬ್ಬ ತೆಗೆಯಕೂಡದು. "ಒಂದು ಸಲ ತೆಗೆದು ನೋಡಿದ್ರೆ ಅರ್ಧ ಗಂಟೆ ಕಮ್ಮಿ ಆಯ್ತು ಅಂತ ತಿಳ್ಕೊಳ್ಳಿ." ತಡವಾದರೆ ಎಂದು ಕೇಳಿದೆ. "ಎರಡು ಗಂಟೆ ಜಾಸ್ತಿನೇ ಇಟ್ಟಿದ್ದೀನಿ. ಲಂಡನ್ನಿಗಲ್ಲ, ಹೆಬ್ಬಾಳಕ್ಕೆ."

ಅವರು ಹೇಳಿದ್ದು ಸುಳ್ಳಲ್ಲ. ಹೆಬ್ಬಾಳದ ಮೇಲುಸೇತುವೆ ದಾಟಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲಿನ ಎಂಟು ಸಾವಿರ ಕಿಲೋಮೀಟರು ಅದಕ್ಕೆ ಹೋಲಿಸಿದರೆ ಸಲೀಸು.

ವಿಮಾನದಲ್ಲಿ ಡಬ್ಬವನ್ನು ಕಾಲ ಹತ್ತಿರ ಇಟ್ಟುಕೊಂಡು, ಮುಂದಿನ ಪರದೆಯಲ್ಲಿ ನಕ್ಷೆ ಹಾಕಿಕೊಂಡು ಕೂತೆ. ಗೋಡೆಗೆ ನೇತುಹಾಕಿ ಕೋಲಿನಲ್ಲಿ ತೋರಿಸುತ್ತಿದ್ದ ಸಮುದ್ರಗಳೆಲ್ಲ ಕೆಳಗೆ ಒಂದೊಂದಾಗಿ ಹಾದುಹೋದವು. ಹೊರಗೆ ಮುಗಿಯದ ಮಧ್ಯಾಹ್ನ. ಸೂರ್ಯ ಕಿಟಕಿಯ ಪಕ್ಕ ಇಳಿಯದೇ ನಿಂತಿದ್ದ, ಪಾಠದಲ್ಲಿ ಹೇಳಿದ್ದು ಸತ್ಯವೇ ಎಂದು ಕಣ್ಣಾರೆ ಕಂಡು ಮೈ ಜುಮ್ಮೆಂದಿತು. ಅಷ್ಟರಲ್ಲಿ ಯಾವುದೋ ದೇಶದವರು ತಮ್ಮ ಆಕಾಶವನ್ನು ವಿಮಾನಗಳಿಗೆ ಮುಚ್ಚಿರುವುದರಿಂದ ಸುತ್ತು ಹಾಕಿಕೊಂಡು ಹೋಗಬೇಕಾಗಿದೆ, ಮುಕ್ಕಾಲು ಗಂಟೆ ತಡವಾಗುತ್ತದೆ ಎಂದು ಪೈಲಟ್ ಹೇಳಿದ. ಪರದೆಯಲ್ಲಿ ಉಳಿದ ದೂರ ಇಳಿಯುವ ಬದಲು ಏರಿತು. ನಾನು ಬಗ್ಗಿ ಡಬ್ಬದ ಸಂದಿಗೆ ಮೂಗಿಟ್ಟೆ. ತೆಳುವಾಗಿ ಮಲ್ಲಿಗೆ ವಾಸನೆ ಬಂತು.

ವಾಸನೆ ಬಂತೆಂದರೆ ಅರಳಿದೆ ಎಂದರ್ಥ. ಇನ್ನೂ ನಾಲ್ಕು ಗಂಟೆಯ ದಾರಿಯಿತ್ತು. ಡಬ್ಬ ತೆಗೆದು ನೋಡಬೇಕೆಂದು ಕೈ ಎಷ್ಟೋ ಸಲ ಹೋಯಿತು, ಎಷ್ಟೋ ಸಲ ಹಿಂದಕ್ಕೆ ಬಂತು. ಪಕ್ಕದ ಸೀಟಿನವರು ನಾನು ಪದೇ ಪದೇ ಬಗ್ಗುವುದನ್ನು ನೋಡಿ, ಹುಷಾರಿಲ್ಲವೇ ಎಂದು ವಿಚಾರಿಸಿದರು.

ಹೀಥ್ರೂ ವಿಮಾನ ನಿಲ್ದಾಣದಲ್ಲಿ ತಂಗಿ ಉಣ್ಣೆಯ ಟೋಪಿ ಹಾಕಿಕೊಂಡು ನಿಂತಿದ್ದಳು. ಸೊರಗಿದ್ದಳು, ನಗು ಮಾತ್ರ ಹಳೆಯದೇ. ಒಂಬತ್ತು ಗಂಟೆಗೂ ಹೊರಗೆ ಬೆಳಕಿತ್ತು. ಮನೆಗೆ ಹೋದ ಕೂಡಲೇ ಡಬ್ಬ ತೆಗೆದೆವು. ಜಡೆ ಬುಡದಿಂದ ಕೆಳಗಿನ ತನಕ ಬಿಗಿಯಾಗಿ, ಬೆಳ್ಳಗೆ, ಮೊಗ್ಗಾಗಿಯೇ ಇತ್ತು. ತುದಿಯ ಕುಚ್ಚಿನಲ್ಲಿ ಮಾತ್ರ ಐದು ಹೂವು ಪೂರ್ತಿ ಅರಳಿದ್ದವು. ಅಲ್ಲಿಂದ ಶುರುವಾಗಿ ಬೆಳಗಾಗುವುದರೊಳಗೆ ಮೇಲಿನವರೆಗೂ ಅರಳಿಬಿಡುತ್ತದೆ ಎಂದು ನನಗೆ ಹೆದರಿಕೆ. ಡಬ್ಬವನ್ನು ಫ್ರಿಜ್ಜಿನ ತಳದಲ್ಲಿ ತರಕಾರಿಯ ಜಾಗದಲ್ಲಿಟ್ಟೆ.

ಬೆಳಿಗ್ಗೆ ಆರಕ್ಕೆ ಆಪಾಗೆ ಫೋನು ಮಾಡಿದೆ. ಐದು ಹೂವಿನ ಸಂಗತಿ, ಫ್ರಿಜ್ಜಿನಲ್ಲಿಟ್ಟಿದ್ದು, ಎರಡನ್ನೂ ಹೇಳಿದೆ.

"ಐದೇನಾ? ಆರನೇದು ಇಲ್ವಲ್ಲ?" ಎಂದು ಕೇಳಿದರು. ಇಲ್ಲ ಎಂದೆ. "ಸರಿ ಇದೆ. ಆ ಐದು ಬಲಿತಿದ್ದು, ಬೇಕಂತಲೇ ಹಾಕಿದ್ದೆ. ಅವು ಅರಳಿದ್ರೆ ಜಡೆಗೆ ಜೀವ ಇದೆ ಅಂತ. ಮಿಕ್ಕಿದ್ದಕ್ಕೆ ಇನ್ನೂ ಹೊತ್ತಿದೆ. ಹಾಕೋ ಒಂದು ಗಂಟೆ ಮುಂಚೆ ಹೊರಗೆ ತೆಗೀರಿ."

ಮೊದಲೇ ಹೇಳಬಾರದಿತ್ತೇ ಎಂದು ನಾನು ರೇಗಿದೆ.

"ಹೇಳಿದ್ರೆ ನೀವು ಡಬ್ಬ ತೆಗೆದು ಐದು ಎಣಿಸ್ತಾ ಕೂತಿರ್ತಿದ್ರಿ," ಎಂದರು. ನಿಜ, ಕೂತಿರುತ್ತಿದ್ದೆ.

ಹತ್ತು ಗಂಟೆಗೆ ತಂಗಿಯನ್ನು ಕನ್ನಡಿಯ ಮುಂದೆ ಕೂರಿಸಿದೆ. ಟೋಪಿ ತೆಗೆದಳು. ಬೂದು ಬಣ್ಣದ ಸಣ್ಣ ಕೂದಲಿನ ಆ ತಲೆಯನ್ನು ನಾನು ಎದುರಿಗೆ ನೋಡಿದ್ದು ಅದೇ ಮೊದಲು. ಅವಳು ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದಳು, ಹಾಗಾಗಿ ನಾನು ಅಳಲಿಲ್ಲ. ಪಟ್ಟಿ ಇಟ್ಟೆ. ಕಿವಿಯ ಮೇಲಿನಿಂದ ಬಂದು, ಹಿಂದೆ ಗಂಟು ಬೀಳುವ ಜಾಗಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಕೂತಿತು. ಬೈತಲೆಯ ಮೇಲೆ ಮೊಗ್ಗಿನ ಸಾಲು, ನೆತ್ತಿ ದಾಟಿ ಬೆನ್ನ ಮೇಲೆ ಜಡೆ, ಸೊಂಟದ ಹತ್ತಿರ ಕುಚ್ಚು. ಬೆಂಗಳೂರಿನಲ್ಲಿ ಕೂತು, ಎಂದೂ ಕಾಣದ ತಲೆಗೆ, ಬೇರೆಯವರ ತಲೆಯಿಂದ ದಾರದಲ್ಲಿ ಅಳೆದ ಅಳತೆ. ಆ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಹನ್ನೊಂದಕ್ಕೆ ಧಾರೆ. ದೇವಸ್ಥಾನದ ಪುಟ್ಟ ಸಭಾಂಗಣದಲ್ಲಿ ಇಪ್ಪತ್ತು ಜನ. ನಾನು ತಂಗಿಯ ಹಿಂದೆಯೇ ಕೂತು, ಬೇರೆ ಏನನ್ನೂ ನೋಡದೆ ಜಡೆಯನ್ನೇ ನೋಡುತ್ತಿದ್ದೆ. ಧಾರೆ ನೀರು ಬೀಳುವಾಗ ಅದು ಇನ್ನೂ ಮೊಗ್ಗು. ಸಪ್ತಪದಿ ಮುಗಿಸಿ ಕೂತ ಮೇಲೆ, ಬುಡದ ಹತ್ತಿರ ಒಂದು ಬಿರಿಯಿತು, ಪಕ್ಕದ್ದು ಬಿರಿಯಿತು, ಆಮೇಲೆ ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳಲಾಗದಂತೆ ಎಲ್ಲ ಕಡೆ. ಸಭಾಂಗಣದ ತುಂಬ ವಾಸನೆ. ಯಾರೋ ಬಿಳಿಯರು ತಿರುಗಿ ತಿರುಗಿ ನೋಡಿದರು.

ತಂಗಿ ತಲೆಯನ್ನು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ವಾಲಿಸಿದಳು. ಪಟ್ಟಿ ಒತ್ತುತ್ತಿರಬೇಕೆಂದು ನಾನು ಮುಂದಕ್ಕೆ ಬಾಗಿದೆ.

"ಏನಾಯ್ತೇ?"

"ಭಾರ ಅಕ್ಕ. ಹಿಂದಕ್ಕೆ ಎಳೀತಿದೆ."

"ಸ್ವಲ್ಪ ತಡಿ, ಗಂಟು ಸಡಿಲ ಮಾಡ್ತೀನಿ," ಎಂದು ಕೈ ಹಾಕಿದೆ. ಅವಳು ಹಿಂದಕ್ಕೆ ಕೈ ಚಾಚಿ ನನ್ನ ಬೆರಳುಗಳನ್ನು ಹಿಡಿದುಕೊಂಡಳು. ಅವಳ ಕೆನ್ನೆ ಒದ್ದೆಯಾಗಿತ್ತು.

"ಬೇಡ ಕಣೆ," ಎಂದಳು. "ಎಳೀಲಿ."